ಅಮ್ಮನಿಗೆಂದು ಹೇಳಿದ ಮಾತು

"ನಿಮ್ಮ ಗುಬ್ಬಿ ಮಾತೇ ಆಡಲ್ವಲ್ಲಮ್ಮ, ಏನಾದ್ರೂ ಅಂದ್ರೂ ಅರ್ಥ ಆಗಲ್ಲ" ಎಂದು ಶಿಶುವಿಹಾರದ ಟೀಚರು ಹೇಳಿದಾಗ ದರ್ಜಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮನೆಯಲ್ಲಿ ಬಾಯಿಗೆ ಬಿಡುವೇ ಇಲ್ಲದ ಮಗು! ಲಾರಿ ಓಡಿಸುವ ಗಂಡ ಹದಿನೈದು ದಿನಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಉಳಿದಂತೆ ಆ ಒಂದು ಕೋಣೆಯಲ್ಲಿ ಹೊಲಿಗೆ ಯಂತ್ರ, ಅವಳು, ಮೂರೂವರೆ ವರ್ಷದ ಗುಬ್ಬಿ. ಅವಳಿಗೆ ಮಾತಿಗೊಂದು ಜೀವ ಅಂತಿದ್ದರೆ ಅದೇ. ಅದನ್ನೇ ಮೂಗಿ ಅನ್ನುವುದೇ?

"ನಿಮಗೆ ಅರ್ಥ ಆಗ್ದಿದ್ರೆ ಅದು ಮಗು ತಪ್ಪಾ? ನಂಗೆ ಎಲ್ಲಾ ಗೊತ್ತಾಗುತ್ತೆ!" ಎಂದು ಜಗಳ ತೆಗೆದಳು. ಆದರೂ ಟೀಚರು ಬರೆದುಕೊಟ್ಟ ಚೀಟಿ ಹಿಡಿದು ಆಸ್ಪತ್ರೆಗೆ ಹೋದಳು, ಅವರ ಬಾಯಿ ಮುಚ್ಚಿಸಬೇಕೆಂದೇ.

ಅಲ್ಲಿ ಕಿವಿಯ ಪರೀಕ್ಷೆಯಾಯಿತು. ಕಿವಿ ಸರಿಯಾಗಿಯೇ ಇತ್ತು. ಆಮೇಲೆ ಮಾತಿನ ಡಾಕ್ಟರು ಅವಳನ್ನು ಹೊರಗೆ ಕೂರಿಸಿ, ಗುಬ್ಬಿಯೊಂದಿಗೆ ಅರ್ಧ ಗಂಟೆ ಆಟವಾಡಿ, ಒಳಗೆ ಕರೆದರು.

"ಅಮ್ಮಂಗೆ ಏನಾದ್ರೂ ಹೇಳು ಅಂದೆ. ಫೋನಲ್ಲಿ ರೆಕಾರ್ಡ್ ಮಾಡಿದೀನಿ. ಅವಳ ಕಡೆ ನೋಡ್ದೆ ಕೇಳಿ, ಏನಂದ್ಲು ಹೇಳಿ."

ಇದೇನು ಮಹಾ ಎಂಬಂತೆ ಅವಳು ಗೋಡೆಯತ್ತ ತಿರುಗಿ ಕುಳಿತಳು. ದನಿ ಮಗಳದೇ, ರಾಗವೂ ಮಗಳದೇ. ಮಾತು ಮಾತ್ರ ಒಂದೂ ತಿಳಿಯಲಿಲ್ಲ. ಮತ್ತೆರಡು ಸಲ ಹಾಕಿಸಿದಳು. ಇಷ್ಟು ದಿನ ಅವಳಿಗೆ ತಿಳಿಯುತ್ತಿದ್ದುದು ಮಗುವಿನ ಬೆರಳು, ಕಣ್ಣು, ಹಸಿವಿನ ಹೊತ್ತು. ಅದು ಬಾಯಿ ತೆರೆಯುವ ಮೊದಲೇ ಕೈಗೆ ಲೋಟ ಬಂದಿರುತ್ತಿತ್ತು. ಒಂಟಿ ತಾನೊಬ್ಬಳೇ ಅಂದುಕೊಂಡಿದ್ದಳು. ಪಕ್ಕದಲ್ಲೇ ಈ ಚೋಟುದ್ದದ ಜೀವ ದಿನವಿಡೀ ಮಾತಾಡಿತ್ತು, ಒಬ್ಬರಿಗೂ ಮುಟ್ಟಿರಲಿಲ್ಲ.

"ಗೊತ್ತಾಗ್ಲಿಲ್ಲ" ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

"ನಿಮ್ಮಿಂದ ಆಗಿದ್ದಲ್ಲ ಇದು. ಬೇಗ ಕರ್ಕೊಂಡ್ ಬಂದಿದೀರ, ಕಲಿಸೋಣ," ಎಂದರು ಡಾಕ್ಟರು.

ತಿರುಗಿ ನೋಡಿದರೆ ಗುಬ್ಬಿ ಅವಳ ಮುಖವನ್ನೇ ನೋಡುತ್ತಿತ್ತು. ತಾನು ಹೇಳಿಯಾಗಿದೆ, ಇನ್ನು ಅಮ್ಮ ಉತ್ತರ ಕೊಡಬೇಕು ಎಂದು ಕಾಯುತ್ತಿತ್ತು. ಯಾವತ್ತಿನಂತೆ "ಹೂಂ ಕಂದಾ" ಎಂದುಬಿಟ್ಟಿದ್ದರೆ ಅದಕ್ಕೂ ಸಮಾಧಾನ, ಇವಳಿಗೂ ಸಮಾಧಾನ.

"ನಂಗೆ ತಿಳೀಲಿಲ್ಲ ಪುಟ್ಟಾ," ಎಂದಳು.

ಅಮ್ಮ ಹಾಗೆಂದದ್ದು ಅದೇ ಮೊದಲು. ಮಗು ಬೆರಗಾಗಿ ನಿಂತಿತು. ಆಮೇಲೆ ಹತ್ತಿರ ಬಂದು, ಎರಡೂ ಕೈಯಲ್ಲಿ ಅವಳ ಗಲ್ಲ ಹಿಡಿದು, ಮೊದಲಿನಿಂದ ಎಲ್ಲವನ್ನೂ ನಿಧಾನವಾಗಿ ಹೇಳಿತು. ಈಗಲೂ ಒಂದಕ್ಷರ ತಿಳಿಯಲಿಲ್ಲ.

"ಇನ್ನೊಂದ್ಸಲ ಹೇಳು ಕಂದಾ," ಎಂದಳು ಅವಳು.