ಬೋರಿನ ನೀರು

"ನಿಮ್ಮ ಪಂಪು ಗಾಳಿ ಎಳೀತಿದೆ," ಎಂದಳು ವರ್ನಾ, ಬೇಲಿಯ ಈಚೆಯಿಂದ. "ಮುಚ್ಚಳದ ರಬ್ಬರ್ ವಾಷರ್ ಚಳಿಗೆ ಒಣಗಿರುತ್ತೆ. ತೆಗೆದು ಗ್ರೀಸ್ ಹಚ್ಚಿ ನೋಡಿ."

ಪಕ್ಕದ ಮನೆಯ ಜೆರಾಲ್ಡ್ ಅನುಮಾನಿಸುತ್ತಲೇ ಹಚ್ಚಿದ. ಬೆಳಗಿನಿಂದ ಈಜುಕೊಳಕ್ಕೆ ಬರೀ ಗುಳ್ಳೆ ಕಾರುತ್ತಿದ್ದ ಪಂಪು ಒಮ್ಮೆ ಕೆಮ್ಮಿ, ನೀರು ಹಿಡಿದು, ಒಂದೇ ಸಮನೆ ಗುಂಯ್‌ಗುಟ್ಟತೊಡಗಿತು.

"ಅಬ್ಬಾ! ಇಷ್ಟು ದಿನ ಎಲ್ಲಿ ಅಡಗಿದ್ರಿ ವರ್ನಾ?"

"ಮರದ ಹಿಂದೆ."

ಅವನ ನಗು ಅರ್ಧಕ್ಕೇ ನಿಂತಿತು.

ಬೇಲಿಯ ಈಚೆ ಅವಳ ಅಂಗಳದಲ್ಲಿದ್ದ ಆ ವಿಲೋ ಮರವನ್ನು ಅವಳ ಗಂಡ ಎಮಿಲ್, ಮದುವೆಯಾದ ವರ್ಷ ನೆಟ್ಟಿದ್ದ. ಅವನು ತೀರಿಹೋದ ಮೇಲೆ ಬೇಸಗೆಯ ಸಂಜೆಗಳನ್ನೆಲ್ಲ ಅವಳು ಅದರ ಕೆಳಗೇ ಕಳೆಯುತ್ತಿದ್ದಳು. ಕಳೆದ ಶರತ್ಕಾಲದಲ್ಲಿ ಅವಳು ಮಂಡಿಯ ಶಸ್ತ್ರಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ್ದಾಗ, ಎಲೆಗಳೆಲ್ಲ ಕೊಳಕ್ಕೆ ಬೀಳುತ್ತವೆಂದು ಜೆರಾಲ್ಡ್ ಆಳುಗಳನ್ನು ಕರೆಸಿ ಅದನ್ನು ಬುಡಕ್ಕೇ ಕಡಿಸಿದ್ದ. ಕೇಳಿದ್ದಕ್ಕೆ, "ಕೊಂಬೆಗಳು ನನ್ನ ಕಡೆಗಿದ್ವಲ್ಲ. ಸೌದೆ ಬೇಕಿದ್ರೆ ನೀವೇ ಇಟ್ಕೊಳ್ಳಿ," ಎಂದಿದ್ದ. ಅಂದಿನಿಂದ ಅಡುಗೆಮನೆಯ ಕಿಟಕಿಯಲ್ಲಿ ಅವಳಿಗೆ ಕಾಣುತ್ತಿದ್ದುದು ಅವನ ಕೊಳವೊಂದೇ.

ಕಾಣುತ್ತಿದ್ದುದರಿಂದಲೇ ಅವಳಿಗೆ ಎಲ್ಲವೂ ಗೊತ್ತಿತ್ತು. ಹಿಮದ ಭಾರಕ್ಕೆ ಕೊಳದ ಹೊದಿಕೆ ಹರಿದಿತ್ತು. ಹೊದಿಕೆಯ ಮೇಲೆ ನಿಂತ ನೀರನ್ನು ತೆಗೆಯಲೆಂದು ಇಟ್ಟ ಪುಟ್ಟ ಪಂಪು ಹರುಕಿನ ಮೂಲಕ ಕೊಳದ ನೀರನ್ನೇ ಅರ್ಧ ಹೊರಹಾಕಿತ್ತು. ಪ್ರತಿ ವಸಂತದಲ್ಲಿ ಪಟ್ಟಣದಿಂದ ಟ್ಯಾಂಕರ್ ತರಿಸುತ್ತಿದ್ದವನು, ಈ ಸಲ ಟ್ಯಾಂಕರ್ ಸಿಗದೆ ಅಂಗಳದ ನಲ್ಲಿಗೇ ಪೈಪು ಸಿಕ್ಕಿಸಿದ್ದ. ಮನೆಯೊಳಗಿನ ನಲ್ಲಿಗಳಿಗೆ ಶೋಧಕವಿದೆ; ಅಂಗಳದ್ದಕ್ಕೆ ನೇರ ಬೋರಿನ ನೀರು. ಪೆನ್ಸಿಲ್ವೇನಿಯಾದ ಆ ಬೆಟ್ಟದ ರಸ್ತೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ನೀರಿನ ಗುಣ ಗೊತ್ತು: ಕಣ್ಣಿಗೆ ಕನ್ನಡಿ, ಒಳಗೆಲ್ಲ ಕಬ್ಬಿಣ. ಕಬ್ಬಿಣವನ್ನು ಹಿಡಿದಿಡುವ ಔಷಧ ಬೆರೆಸದೆ ಕ್ಲೋರಿನ್ ಸುರಿದರೆ, ಕರಗಿದ್ದೆಲ್ಲ ಒಮ್ಮೆಲೇ ತುಕ್ಕಾಗುತ್ತದೆ. ಜೆರಾಲ್ಡ್ ನಗರದಿಂದ ಬಂದವನು.

"ಇನ್ನು ಕ್ಲೋರಿನ್ ಹಾಕಿಬಿಡ್ಲಾ?" ಎಂದು ಕೇಳಿದ ಅವನು. ಪಂಪು ಸರಿಹೋದ ಮೇಲೆ ಅವನಿಗೆ ಅವಳಲ್ಲಿ ನಂಬಿಕೆ ಹುಟ್ಟಿತ್ತು. "ಎರಡು ಗಂಟೆಗೆ ಮದುವೆ. ನೀರು ಫಳಫಳ ಅನ್ಬೇಕು, ಹೂವು ತೇಲಿಬಿಡ್ತೀನಿ ಅಂತಾಳೆ ಕೊರಿನ್."

ಕೊಳದಾಚೆ ಅವನ ಮಗಳು ಕೊರಿನ್ ಕುರ್ಚಿಗಳಿಗೆ ಬಿಳಿ ರಿಬ್ಬನ್ ಕಟ್ಟುತ್ತಿದ್ದಳು. ವರ್ನಾಳನ್ನು ಕಂಡು ಕೈಬೀಸಿದಳು. ಆಸ್ಪತ್ರೆಯಿಂದ ಮರಳಿದಾಗ ಬಿಸಿ ಸೂಪು ತಂದುಕೊಟ್ಟವಳು ಅವಳೊಬ್ಬಳೇ. ವರ್ನಾ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಬಿಸಿಲು ನೇರ ನೆತ್ತಿಗೆ ಹೊಡೆಯುತ್ತಿತ್ತು. ಅವಳು ನಿಂತಿದ್ದ ಜಾಗಕ್ಕೆ ಹಿಂದೆಂದೂ ಮಧ್ಯಾಹ್ನದ ಬಿಸಿಲು ಬಿದ್ದಿರಲಿಲ್ಲ.

"ಹಾಕಿ," ಎಂದಳು. "ಎರಡು ಪಟ್ಟು ಹಾಕಿ. ಮಗಳ ಮದುವೆ ಅಲ್ವಾ?"

ಅವನು ಸುರಿದ ಕ್ಲೋರಿನ್ ಪುಡಿ ಬಿದ್ದಲ್ಲಿ ಮೊದಲು ಹಳದಿ ಮೋಡವೊಂದು ಎದ್ದಿತು. ನೋಡನೋಡುತ್ತಿದ್ದಂತೆ ಅದು ಕೆಂಪಡರಿ, ಅಂಚಿನಿಂದ ಅಂಚಿಗೆ ಹಬ್ಬಿ, ಇಡೀ ಕೊಳ ಕಾಫಿ ಡಿಕಾಕ್ಷನ್ನಿನಂತಾಯಿತು. "ಡ್ಯಾಡಿ, ಏನಾಯ್ತು ಇದು?" ಎಂದು ಕೊರಿನ್ ಚೀರಿ, ಉತ್ತರಕ್ಕೆ ಕಾಯದೆ ಮನೆಯೊಳಗೆ ಓಡಿದಳು.

ಜೆರಾಲ್ಡ್ ಬೇಲಿಯ ಬಳಿಗೆ ಬಂದ.

"ನಿಮಗೆ ಗೊತ್ತಿತ್ತು."

"ಹೂಂ, ಗೊತ್ತಿತ್ತು."

"ನೀವೆಂಥ ಹೆಂಗಸ್ರೀ! ಅವಳೇನು ಮಾಡಿದ್ಳು ನಿಮಗೆ?"

ವರ್ನಾ ಕೊರಿನ್ ಓಡಿಹೋದ ಬಾಗಿಲಿನತ್ತ ಒಮ್ಮೆ ನೋಡಿದಳು.

"ಕಬ್ಬಿಣದ ಔಷಧ ಹಾಕಿ, ಫಿಲ್ಟರ್ ನಿಲ್ಲಿಸ್ದೆ ಓಡಿಸಿ," ಎಂದಳು. "ಬುಧವಾರದ ಹೊತ್ತಿಗೆ ತಿಳಿಯಾಗುತ್ತೆ. ಮರ ಆಗಿದ್ರೆ ನಲವತ್ತು ವರ್ಷ ಕಾಯ್ಬೇಕಿತ್ತು."

ರಸ್ತೆಯಲ್ಲಿ ಮೊದಲ ಕಾರಿನ ಬಾಗಿಲು ಬಡಿದ ಸದ್ದಾಯಿತು. ಯಾರೋ ನಗುತ್ತ ಇಳಿದರು. ಜೆರಾಲ್ಡ್ ಗೋಡೆಗೆ ಒರಗಿಸಿದ್ದ ಉದ್ದ ಹಿಡಿಯ ಬಲೆಯನ್ನು ಎತ್ತಿಕೊಂಡು, ಕೊಳದ ಅಂಚಿನಲ್ಲಿ ನಿಂತು ಕಂದು ನೀರನ್ನು ಬಾಚತೊಡಗಿದ. ವರ್ನಾ ಒಳಗೆ ಹೋಗಲಿಲ್ಲ. ಅವನು ಬಲೆಯನ್ನು ಮುಳುಗಿಸಿ ಎಳೆಯುತ್ತಿದ್ದ, ಎತ್ತಿ ಇಣುಕುತ್ತಿದ್ದ, ಮತ್ತೆ ಮುಳುಗಿಸುತ್ತಿದ್ದ. ಪ್ರತಿ ಸಲವೂ ಬಲೆಯಿಂದ ಬರೀ ನೀರು ಸೋರುತ್ತಿತ್ತು.