ಚಿಕ್ಕಬೈರಪ್ಪನವರ ಮಾತ್ರೆ ಡಬ್ಬ

ಹುಣಸಮಾರನಹಳ್ಳಿಯ ಚಿಕ್ಕಬೈರಪ್ಪನವರ ಕಟ್ಟಡದಲ್ಲಿ ಯಾರಾದರೂ ಸೀನಿದರೆ ಸಾಕು, ಕೆಳಗಿನ ಮನೆಯಲ್ಲಿ ಡಬ್ಬದ ಮುಚ್ಚಳ ತೆರೆಯುವ ಸದ್ದು ಕೇಳುತ್ತಿತ್ತು. ಒಂದು ಕಾಲಕ್ಕೆ ಅವರ ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ. ಬಳ್ಳಿಗೆ ಔಷಧಿ ಹೊಡೆದು ಅಭ್ಯಾಸವಾದ ಕೈ ಸುಮ್ಮನಿರಬೇಕಲ್ಲ? ಬಾಡಿಗೆದಾರರಿಗೆ ಔಷಧಿ ಕೊಡತೊಡಗಿತು.

ಡಬ್ಬಕ್ಕೆ ಮಾತ್ರೆ ಬರುತ್ತಿದ್ದುದೂ ಬಾಡಿಗೆದಾರರಿಂದಲೇ. ಮನೆ ಖಾಲಿ ಮಾಡುವವರು ಒಬ್ಬರು ಹಳೇ ಚಾಪೆ ಬಿಟ್ಟು ಹೋಗುತ್ತಾರೆ, ಇನ್ನೊಬ್ಬರು ಒಡೆದ ಬಕೆಟ್ಟು. ಆದರೆ ಅಡುಗೆಮನೆಯ ಕಪಾಟಿನಲ್ಲಿ ಅರ್ಧ ಮುಗಿದ ಮಾತ್ರೆ ಸ್ಟ್ರಿಪ್ಪು ಬಿಡದವರು ಯಾರೂ ಇಲ್ಲ. ಗೋಡೆಗೆ ಬಣ್ಣ ಹೊಡೆಸುವ ಮೊದಲು ಚಿಕ್ಕಬೈರಪ್ಪನವರು ಆ ಕಪಾಟನ್ನು ತಡಕಿ, ಸಿಕ್ಕಿದ್ದನ್ನೆಲ್ಲ ತಂದು ಸ್ಟೀಲ್ ಡಬ್ಬಕ್ಕೆ ತುಂಬುತ್ತಿದ್ದರು. ಹೆಸರು ಓದುವ ತಾಪತ್ರಯ ಅವರಿಗಿರಲಿಲ್ಲ. ಬಿಳಿ ಮಾತ್ರೆ ಜ್ವರಕ್ಕೆ, ಹಳದಿ ಹೊಟ್ಟೆಗೆ, ಗುಲಾಬಿ ಗಂಟಲಿಗೆ. ನೋವು ನಿಂತ ಕೂಡಲೇ ಮಾತ್ರೆಯೂ ನಿಲ್ಲಬೇಕು, ಉಳಿದದ್ದು ಡಬ್ಬಕ್ಕೆ ವಾಪಸ್ಸು ಬರಬೇಕು. ಇದು ಅವರ ಕಾನೂನು.

ಮೇಲಿನ ಮನೆಯಲ್ಲಿದ್ದ ಭಾವನಾ ಮಾತ್ರ ಈ ಕಾನೂನಿಗೆ ತಲೆಬಾಗಿರಲಿಲ್ಲ. ಅವಳು ಹೆಬ್ಬಾಳದ ಕಡೆ ಒಂದು ಲ್ಯಾಬಿನಲ್ಲಿ ರೋಗಾಣುಗಳನ್ನು ಬೆಳೆಸಿ ಪರೀಕ್ಷೆ ಮಾಡುವವಳು.

"ಅಂಕಲ್, ಈ ಗುಲಾಬಿದು ಆ್ಯಂಟಿಬಯೋಟಿಕ್ಕು. ಪೆಪ್ಪರ್‌ಮಿಂಟ್ ತರ ಹಂಚ್ಬೇಡಿ ಪ್ಲೀಸ್" ಎಂದು ಎಷ್ಟೋ ಸಲ ಹೇಳಿದ್ದಳು.

"ಸುಮ್ಕಿರವ್ವ. ನೀನು ಅಲ್ಲಿ ಕ್ರಿಮಿ ಬೆಳ್ಸು, ನಾನು ಇಲ್ಲಿ ಸಾಯಿಸ್ತೀನಿ" ಎಂದು ನಗುತ್ತಿದ್ದರು ಚಿಕ್ಕಬೈರಪ್ಪ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಅದೇ ಹುಡುಗಿ ಯಶವಂತಪುರದಲ್ಲೆಲ್ಲೋ ಬೋರ್ಡು ಹಾಕಿಕೊಂಡಿದ್ದರೆ ಕ್ಯೂ ನಿಂತು ಕೇಳುತ್ತಿದ್ದರೋ ಏನೋ!

ಹೀಗಿರುವಾಗ ಮೊಮ್ಮಗಳು ರಮ್ಯಳಿಗೆ ಗಂಟಲು ನೋವು ಬಂತು. ಮಗ ಸೊಸೆ ಯಲಹಂಕದಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವವರು. ಮಗು ತಾತ ಅಜ್ಜಿಯ ಮಡಿಲಲ್ಲೇ ಬೆಳೆದದ್ದು. ತಾತ ಗುಲಾಬಿ ಮಾತ್ರೆ ಕೊಟ್ಟರು. ಒಂದೆರಡು ದಿನದಲ್ಲಿ ನೋವು ಹೋಯಿತು, ಮಾತ್ರೆ ಡಬ್ಬಕ್ಕೆ ಹೋಯಿತು. ಸ್ವಲ್ಪ ದಿನಕ್ಕೆ ನೋವು ಮತ್ತೆ ಬಂತು, ಮಾತ್ರೆಯೂ ಹೊರಗೆ ಬಂತು. ನೋವು ಕಡಿಮೆಯಾಯಿತು, ಮಾತ್ರೆ ಮತ್ತೆ ಒಳಗೆ. ಮೂರನೇ ಸಲ ಬಂದ ನೋವು ಮಾತ್ರ ಗುಲಾಬಿ ಬಣ್ಣಕ್ಕೆ ಕ್ಯಾರೇ ಅನ್ನಲಿಲ್ಲ. ಜ್ವರ ಏರಿತು, ಕತ್ತಿನ ಗಂಟುಗಳು ಊದಿಕೊಂಡವು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ರಮ್ಯ ಮಾತು ನಿಲ್ಲಿಸಿದಳು.

ಅವಳು ಮಾತು ನಿಲ್ಲಿಸುವ ಮಗುವಲ್ಲ. ನಿದ್ದೆಯಲ್ಲೂ ಯಾರಿಗಾದರೂ ಲೆಕ್ಕ ಹೇಳಿಕೊಡುತ್ತಿದ್ದವಳು ಈಗ ನೀರು ನುಂಗಲಾಗದೆ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದಳು. ಚಿಕ್ಕಬೈರಪ್ಪನವರು ಮುದ್ದೆಯ ತಟ್ಟೆಯನ್ನು ಹಾಗೇ ಬಿಟ್ಟು ಎದ್ದರು. ಆದರೂ ಕೈ ಡಬ್ಬದ ಕಡೆಗೇ ಹೋಯಿತು.

"ಈ ಸಲ ಎರಡೆರಡು ಕೊಟ್ರೆ ಎಂಗೆ?"

ಅವರ ಹೆಂಡತಿ ಗೌರಮ್ಮ ಡಬ್ಬವನ್ನು ಕಿತ್ತುಕೊಂಡು ಸೆರಗಿನಡಿ ಇಟ್ಟುಕೊಂಡರು. "ಮಗೀನ ಎತ್ಕೊಳ್ಳಿ. ಡಾಕ್ಟ್ರತ್ರ ಓಗಾನ." ಆಮೇಲೆ ಮೆಟ್ಟಿಲ ಬಳಿ ನಿಂತು, "ಭಾವನಾ, ನೀನೂ ಒಸಿ ಬಾರಮ್ಮ" ಎಂದು ಕೂಗಿದರು.

ಡಾಕ್ಟರು ಗಂಟಲು ನೋಡಿ, ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿಕೊಂಡು ಪರೀಕ್ಷೆಗೆ ಕಳಿಸಿದರು. ಏನೇನು ಮಾತ್ರೆ ಕೊಟ್ಟಿದ್ದೀರಿ ಎಂದು ಕೇಳಿದಾಗ ಚಿಕ್ಕಬೈರಪ್ಪನವರು ಸೂರು ನೋಡಿದರು. "ಗುಲಾಬಿದು" ಎಂದರು ಗೌರಮ್ಮ. ಡಾಕ್ಟರು ಬೇರೆ ಔಷಧಿ ಬರೆದು, ಇಷ್ಟು ದಿನ ತಪ್ಪದೆ ಕೊಡಿ ಎಂದು ಕಟ್ಟುನಿಟ್ಟಾಗಿ ಹೇಳಿದರು.

ಪರೀಕ್ಷೆ ನಡೆದದ್ದು ಭಾವನಾಳ ಲ್ಯಾಬಿನಲ್ಲೇ. ಫಲಿತಾಂಶ ಬಂದ ಸಂಜೆ ಅವಳು ಫೋನಿನಲ್ಲಿ ಒಂದು ಫೋಟೊ ತೋರಿಸಿದಳು. ಕೆಂಪು ತಟ್ಟೆ, ಅದರ ತುಂಬ ಸಣ್ಣ ಸಣ್ಣ ಚುಕ್ಕೆ, ನಡುವೆ ಬಿಳಿ ಬಿಲ್ಲೆಗಳು.

"ಇದೇನವ್ವ, ರಾಗಿ ಚೆಲ್ಲಿದಂಗೈತೆ?"

"ಇದು ರಮ್ಯನ ಗಂಟಲಲ್ಲಿದ್ದ ರೋಗಾಣು ಅಂಕಲ್. ಸ್ಟ್ರೆಪ್ಟೋಕಾಕಸ್ ಅಂತ ಹೆಸರು. ಒಂದೊಂದು ಬಿಲ್ಲೇಲೂ ಒಂದೊಂದು ಔಷಧಿ ಇದೆ. ಈ ಬಿಲ್ಲೆ ನೋಡಿ, ಡಾಕ್ಟ್ರು ಈಗ ಕೊಟ್ಟಿರೋ ಔಷಧಿದು. ಸುತ್ತ ಖಾಲಿ ಇದೆಯಲ್ಲ? ಅಲ್ಲಿ ಎಲ್ಲ ಸತ್ತಿವೆ. ಈಗ ಇಲ್ಲಿ ನೋಡಿ, ಇದು ನಿಮ್ಮ ಗುಲಾಬಿ ಮಾತ್ರೆದು."

ಆ ಬಿಲ್ಲೆಯ ಸುತ್ತ ಖಾಲಿ ಜಾಗವೇ ಇರಲಿಲ್ಲ. ಚುಕ್ಕೆಗಳು ಬಿಲ್ಲೆಗೆ ಒರಗಿಕೊಂಡು ಬೆಳೆದಿದ್ದವು.

"ಮಾತ್ರೆ ಡೂಪ್ಲಿಕೇಟು" ಎಂದರು ಚಿಕ್ಕಬೈರಪ್ಪ.

"ಬಿಲ್ಲೇಲಿರೋದು ಲ್ಯಾಬಿನ ಔಷಧಿ, ನಿಮ್ಮ ಡಬ್ಬದ್ದಲ್ಲ. ಬದಲಾಗಿರೋದು ರೋಗಾಣು ಅಂಕಲ್. ಒಂದು ಎರಡಾಗತ್ತೆ, ಎರಡು ನಾಲ್ಕಾಗತ್ತೆ. ಪ್ರತಿ ಸಲಾನೂ ತನ್ನ ಗುಣಗಳನ್ನ ನಕಲು ಮಾಡ್ಕೊಳತ್ತೆ. ನಕಲು ಮಾಡೋವಾಗ ಎಲ್ಲೋ ಒಂದು ತಪ್ಪಾಗತ್ತೆ. ಅದಕ್ಕೆ ಮ್ಯುಟೇಷನ್ ಅಂತಾರೆ. ಕೆಲವು ಸಲ ಬೇರೆ ರೋಗಾಣುಗಳಿಂದ ಗುಣ ಎರವಲು ತಗೊಳೋದೂ ಉಂಟು. ಹಾಗೆ ಯಾವ್ದೋ ಒಂದಕ್ಕೆ ಮಾತ್ರೆ ತಡ್ಕೊಳ್ಳೋ ಶಕ್ತಿ ಬಂದ್ಬಿಡತ್ತೆ. ಸಿಕ್ಕಸಿಕ್ಕಾಗ ಮಾತ್ರೆ ನುಂಗೋದು, ಅರ್ಧಕ್ಕೆ ನಿಲ್ಸೋದು ಮಾಡಿದ್ರೆ ಬಡಪಾಯಿಗಳೆಲ್ಲ ಸಾಯ್ತವೆ, ಆ ಗಟ್ಟಿಪಿಂಡ ಉಳ್ಕೊಳತ್ತೆ. ಆಮೇಲೆ ಅದರದ್ದೇ ಸಂಸಾರ."

"ಅದು ನನ್ನ ಡಬ್ಬದಿಂದ್ಲೇ ಆಯ್ತು ಅಂತ ಏನು ಗ್ಯಾರಂಟಿ?"

"ಗ್ಯಾರಂಟಿ ಇಲ್ಲ. ಇನ್ಯಾರಿಂದಲೋ ಬಂದಿರಬಹುದು. ಆದ್ರೆ ಅವರ ಮನೇಲೂ ಒಂದು ಡಬ್ಬ ಇದ್ದಿರತ್ತೆ."

ಚಿಕ್ಕಬೈರಪ್ಪನವರು ಇನ್ನೂ ಒಪ್ಪುವ ಮುಖ ಮಾಡಲಿಲ್ಲ. ಆಗ ಗೌರಮ್ಮ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತರು. ಮುಖ ಗಂಟಿಕ್ಕಿಕೊಂಡು, ಮೀಸೆಯಿಲ್ಲದ ಜಾಗದಲ್ಲಿ ಮೀಸೆ ತಿರುವಿ, ದಪ್ಪ ದನಿ ತೆಗೆದರು.

"ಲೇ ಬಾಲರಾಜ! ಆವು ಸಾಯೋಗಂಟ ಒಡೀಬೇಕು ಕಣ್ಲಾ! ಅರ್ಧ ಒಡ್ದು ಬಿಟ್ರೆ ತಿರುಗ್ ಬಂದು ಕಚ್ತದೆ!"

ಚಿಕ್ಕಬೈರಪ್ಪನವರು ಕೂತಲ್ಲೇ ನೆಟ್ಟಗಾದರು. ಅದು ಅವರದೇ ಮಾತು. ಗೌರಮ್ಮನ ತಮ್ಮ ಬಾಲರಾಜು ದ್ರಾಕ್ಷಿಗೆ ಬೂದಿ ರೋಗ ಬಂದಾಗ ಔಷಧಿಗೆ ನೀರು ಜಾಸ್ತಿ ಹಾಕಿ, ಎಲೆ ಸ್ವಲ್ಪ ಹಸಿರಾದ ಕೂಡಲೇ ಹೊಡೆಯುವುದನ್ನು ನಿಲ್ಲಿಸಿದ್ದ. ರೋಗ ತಿರುಗಿ ಬಂತು, ಅದೇ ಔಷಧಿಗೆ ಬಗ್ಗಲಿಲ್ಲ. ಆಗ ಚಿಕ್ಕಬೈರಪ್ಪನವರು ಅವನನ್ನು ಹಾಲಿನ ಡೈರಿ ಮುಂದೆ ನಿಲ್ಲಿಸಿ, ಊರೆಲ್ಲ ಕೇಳುವ ಹಾಗೆ ಬೈದಿದ್ದರು. ಗೌರಮ್ಮ ಅದನ್ನು ಅಷ್ಟು ವರ್ಷದಿಂದ ಉಪ್ಪಿನಕಾಯಿಯ ಹಾಗೆ ಕಾಪಾಡಿಕೊಂಡು ಬಂದಿದ್ದರು.

"ಬಳ್ಳಿಗಾದ್ರೆ ಪೂರ್ತಿ ಒಡೀಬೇಕು, ನನ್ನ ಮೊಮ್ಮಗಳಿಗಾದ್ರೆ ಅರ್ಧ ಸಾಕಾ?" ಎಂದರು ತಮ್ಮದೇ ದನಿಯಲ್ಲಿ.

"ಈ ಸೋಂಕನ್ನ ಸರಿಯಾಗಿ ವಾಸಿ ಮಾಡ್ದೆ ಬಿಟ್ರೆ ಕೆಲವು ಮಕ್ಕಳಿಗೆ ಕೀಲು ಊದತ್ತೆ, ಹೃದಯಕ್ಕೂ ಪೆಟ್ಟು ಬೀಳತ್ತೆ ಅಂಕಲ್" ಎಂದಳು ಭಾವನಾ ಮೆಲ್ಲಗೆ. "ಸದ್ಯ, ಸರಿಯಾದ ಟೈಮಿಗೆ ಹೋದ್ವಿ."

ಚಿಕ್ಕಬೈರಪ್ಪನವರು ಮಲಗಿದ್ದ ಮೊಮ್ಮಗಳ ಎದೆ ಮೇಲೆ ಕೈಯಿಟ್ಟು ಕೂತರು. ಅವರಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಅಷ್ಟು ದೊಡ್ಡ ಮನುಷ್ಯ ಕಣ್ಣೊರೆಸಿಕೊಂಡದ್ದನ್ನು ನೋಡಿ ಗೌರಮ್ಮನಿಗೇ ಪಾಪ ಅನ್ನಿಸಿತು.

ಹೊಸ ಔಷಧಿ ಕೆಲಸ ಮಾಡಿತು. ರಮ್ಯಳ ಬಾಯಿ ತೆರೆದುಕೊಂಡಿತು, ಬಾಕಿಯಿದ್ದ ಮಾತೆಲ್ಲ ಬಡ್ಡಿ ಸಮೇತ ಹೊರಬಂತು. ಒಂದು ಬೆಳಿಗ್ಗೆ ಅವಳು, "ತಾತ, ನೋವೆಲ್ಲ ಓಯ್ತು. ಮಿಕ್ಕಿದ್ದು ಡಬ್ಬಕ್ಕೆ ಆಕ್ಲಾ?" ಎಂದಳು.

ತಾತ ಬೆಚ್ಚಿಬಿದ್ದರು. "ಡಾಕ್ಟ್ರು ಏಳಿರೋ ಕೊನೇ ದಿನದ ತನಕ ನುಂಗ್ಬೇಕು! ಬಾಯ್ ತೆಗಿ!" ಅಲ್ಲಿಂದ ಮುಂದೆ ಹೊತ್ತುಹೊತ್ತಿಗೆ ಲೋಟ ಹಿಡಿದು ಕಾವಲು ನಿಂತವರು ಅವರೇ. ಕೊನೆಯ ಮಾತ್ರೆ ಇಳಿದ ದಿನ ಬಾಲರಾಜುವಿಗೆ ಫೋನ್ ಮಾಡಿ, "ಅವತ್ತು ಒಸಿ ಜಾಸ್ತಿ ಬೈದ್ಬಿಟ್ಟೆ ಕಣಪ್ಪ" ಎಂದರಂತೆ. ಅವನು ಸಾಲ ಕೇಳಲು ಫೋನ್ ಮಾಡಿದರೇನೋ ಎಂದು ಗಾಬರಿಯಾದನಂತೆ.

ಮರುವಾರ ಎರಡನೇ ಮಹಡಿಯ ಅಭಿರಾಮ್ ಕೆಮ್ಮುತ್ತಾ ಇಳಿದು ಬಂದ. "ಅಂಕಲ್, ಆ ಗುಲಾಬಿ ಮಾತ್ರೆ ಇದ್ಯಾ?"

ಚಿಕ್ಕಬೈರಪ್ಪನವರು ಡಬ್ಬ ತೆಗೆದು ಮುಂದೆ ಹಿಡಿದರು. ಒಳಗೆ ಗೌರಮ್ಮ ಕರಿದ ಕೋಡುಬಳೆ ಇತ್ತು.

"ಇದನ್ನ ತಿನ್ನು. ಮಾತ್ರೆಗೆ ಡಾಕ್ಟ್ರತ್ರ ಓಗು. ಆವಿನ ಕತೆ ಗೊತ್ತೇನಪ್ಪ ನಿಂಗೆ?"

ಆ ಕಥೆ ಮುಗಿಯುವಷ್ಟರಲ್ಲಿ ಅಭಿರಾಮನ ಕೆಮ್ಮೇ ನಿಂತುಹೋಯಿತು ಎಂದು ಕಟ್ಟಡದವರು ಆಡಿಕೊಳ್ಳುತ್ತಾರೆ.

ಈಗ ನಿಮ್ಮ ಸರದಿ, ಅಕ್ಕ, ಅಣ್ಣ. ನಮ್ಮ ಮನೆಯಲ್ಲಿ ಅಂಥ ಡಬ್ಬವಿಲ್ಲ ಅನ್ನಬೇಡಿ. ಫ್ರಿಜ್ಜಿನ ಮೇಲೊಮ್ಮೆ ನೋಡಿ ಬನ್ನಿ. ಎಲ್ಲ ಗಂಟಲು ನೋವಿಗೂ ಆ್ಯಂಟಿಬಯೋಟಿಕ್ ಬೇಕಿಲ್ಲ. ಬೇಕೋ ಬೇಡವೋ ಎಂದು ಡಾಕ್ಟರು ಹೇಳಲಿ. ಕೊಟ್ಟರೆ, ಅವರು ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ. ನೋವು ನಿಂತಿತೆಂದು ನೀವಾಗಿಯೇ ನಿಲ್ಲಿಸಬೇಡಿ, ಉಳಿಸಿಡಬೇಡಿ, ಪಕ್ಕದ ಮನೆಗೆ ಕೊಡಬೇಡಿ. ಹಳೇ ಮಾತ್ರೆಗಳನ್ನು ಮೋರಿಗೆ ಸುರಿಯದೆ, ಏನು ಮಾಡಬೇಕೆಂದು ಔಷಧಿ ಅಂಗಡಿಯಲ್ಲಿ ಕೇಳಿ. ಖಾಲಿಯಾದ ಡಬ್ಬಕ್ಕೆ ಕೋಡುಬಳೆ ತುಂಬಿಡಿ. ಅದನ್ನಾದರೆ ಅರ್ಧಕ್ಕೆ ನಿಲ್ಲಿಸಬಹುದು, ಪಕ್ಕದ ಮನೆಗೂ ಕೊಡಬಹುದು.