ನೂರರ ಕೇಕು

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಬೇಕರಿಯಲ್ಲಿ ಸುಶೀಲಮ್ಮ ಕೇಕಿನ ಮೇಲೆ ದಪ್ಪಗೆ 100 ಎಂದು ಬರೆಸಿಬಿಟ್ಟಿದ್ದಳು. ಗಂಡ ಚಾಮರಾಜ ಬೇಸ್‌ಬಾಲಿನಲ್ಲಿ ಅಲ್ಲಿಯವರೆಗೆ ಚೆಂಡನ್ನು ಬೇಲಿಯಾಚೆ ಹಾರಿಸಿ ಹೊಡೆದಿದ್ದ ಹೋಮ್ ರನ್ ತೊಂಬತ್ತೊಂಬತ್ತೇ. ಅಲ್ಲಿಂದ ದುಬೈ ಪಕ್ಕದ ಜೆಬೆಲ್ ಅಲಿಯ ಮೈದಾನದವರೆಗೂ ಕ್ರೀಮು ಕರಗಬಾರದೆಂದು ಕಾರಿನ ಎಸಿ ಜೋರು ಮಾಡಿ, ತಾನು ಶಾಲು ಹೊದ್ದು ಕೂತಿದ್ದಳು.

ಬೇಸ್‌ಬಾಲ್ ಎಂದರೆ ಅವಳಿಗೆ ಸವತಿ. ಮೈಸೂರಿನ ಕಾಲೇಜಿನಲ್ಲಿ ಕ್ರಿಕೆಟ್ ತಂಡಕ್ಕೆ ಬೇಡವಾದ ಹುಡುಗನ ಕೈಗೆ ಪಿ.ಟಿ. ಮೇಷ್ಟ್ರು ಆ ದುಂಡು ಬ್ಯಾಟು ಕೊಟ್ಟಿದ್ದೇ ನೆಪ, ಆಮೇಲೆ ಅದು ಅವನನ್ನು ಬಿಡಲೇ ಇಲ್ಲ. ರಾಜ್ಯಕ್ಕೆ ಆಡಿದ. ನೌಕರಿ ಹಿಡಿದು ಇಲ್ಲಿಗೆ ಬಂದ ಮೊದಲ ವಾರವೇ ಫಿಲಿಪೀನ್ಸಿನವರ ತಂಡವೊಂದನ್ನು ಹುಡುಕಿಕೊಂಡ. ಅವನು ಹೊಡೆದ ಚೆಂಡು ಬೇಲಿ ದಾಟಿ ನೀರಿನ ಟ್ಯಾಂಕರಿನ ಗಾಜು ಒಡೆದ ಜಾಗವನ್ನು ಹೊಸಬರಿಗೆ ಇವತ್ತಿಗೂ ತೋರಿಸುತ್ತಾರೆ. ಇಪ್ಪತ್ತೆರಡು ವರ್ಷದ ರಜಾದಿನಗಳೆಲ್ಲ ಆ ಮೈದಾನಕ್ಕೇ ಹೋದವು. ಮಗಳು ನಿಖಿತಾಗೆ ಜ್ವರ ಬಂದಾಗಲೂ ಮನೆಯಲ್ಲಿ ಸುಶೀಲಮ್ಮ ಒಬ್ಬಳೇ. ಈಗ ಅವನ ಮಂಡಿ ಸವೆದು, ಡಾಕ್ಟರು ಖಲಾಸ್ ಎಂದಿದ್ದರು. ಇದೇ ಕೊನೆಯ ಪಂದ್ಯ.

"ಇಷ್ಟು ವರ್ಷ ನನ್ನ ಒಬ್ಳನ್ನೇ ಬಿಟ್ಟು ಹೋಗಿದ್ದಕ್ಕೆ ನೂರಾದ್ರೂ ಮಾಡ್ರೀ," ಎಂದಿದ್ದಳು ಬೆಳಿಗ್ಗೆ.

"ಮಾಡ್ತೀನಿ ಕಣೆ," ಎಂದು ಮಾತು ಕೊಟ್ಟಿದ್ದ.

ಫೈನಲ್ ಪಂದ್ಯ, ಎರಡೂ ತಂಡಗಳದ್ದು ನಾಲ್ಕು ನಾಲ್ಕು ರನ್. ಚಾಮರಾಜನ ತಂಡದ ಕೊನೆಯ ಸರದಿಯಲ್ಲಿ ಮೂರು ಔಟುಗಳ ಪೈಕಿ ಒಂದು ಆಗಿತ್ತು. ಇನ್ನೊಂದೇ ಓಟಕ್ಕೆ ರನ್ ಆಗುವ ಮೂರನೆಯ ಬೇಸಿನ ಮೇಲೆ ಥಾಮಸ್ ನಿಂತಿದ್ದ. ಗೋದಾಮಿನಲ್ಲಿ ದುಡಿಯುವ ಅವನು ತಂಡ ಸೇರಿ ಹನ್ನೊಂದು ವರ್ಷವಾದರೂ ಒಂದೂ ಕಪ್ ಕಂಡವನಲ್ಲ. ಚಾಮರಾಜ ಬ್ಯಾಟು ಹಿಡಿದು ಬಂದದ್ದೇ ತಡ, ಜನ ನೂರು ನೂರು ಎಂದು ಕೂಗತೊಡಗಿದರು. ಸುಶೀಲಮ್ಮ ಕೇಕಿನ ಡಬ್ಬಿಯ ದಾರ ಬಿಚ್ಚಿದಳು.

ಮೊದಲ ಚೆಂಡಿಗೆ ಬೀಸಿದ, ತಾಗಲಿಲ್ಲ. ಅವನ ಮಂಡಿ ಕುಸಿದದ್ದನ್ನು ಅವಳು ಕಂಡಳು. ಅವನು ಥಾಮಸ್‌ನತ್ತ ನೋಡಿ, ಸನ್ನೆ ಮಾಡುವವನಂತೆ ಎರಡು ಸಲ ಟೋಪಿ ಮುಟ್ಟಿಕೊಂಡ. ಮುಂದಿನ ಚೆಂಡಿಗೆ ಬೀಸಲೇ ಇಲ್ಲ. ಬ್ಯಾಟನ್ನು ಅಡ್ಡ ಹಿಡಿದು ಸುಮ್ಮನೆ ತಾಗಿಸಿದ. ಚೆಂಡು ನಾಲ್ಕು ಹೆಜ್ಜೆ ಉರುಳಿ ನಿಂತಿತು. ಅಷ್ಟರಲ್ಲಿ ಥಾಮಸ್ ಓಡಿ ಬಂದು ರನ್ ಮುಗಿಸಿದ. ಕುಂಟುತ್ತ ಮೊದಲ ಬೇಸಿನತ್ತ ಹೊರಟ ಚಾಮರಾಜ ಅರ್ಧ ದಾರಿಯಲ್ಲಿರುವಾಗಲೇ ಚೆಂಡು ಅಲ್ಲಿಗೆ ಮುಟ್ಟಿ ಔಟಾದ. ಎದುರಾಳಿಗಳಿಗೆ ತಮ್ಮ ಸರದಿಯಲ್ಲಿ ಆ ಒಂದು ರನ್ ತೀರಿಸಲಾಗಲಿಲ್ಲ.

"ಅಪ್ಪ ಡಿಡ್ ಇಟ್ ಆನ್ ಪರ್ಪಸ್, ಅಮ್ಮಾ!" ಎಂದು ಪಕ್ಕದಲ್ಲಿದ್ದ ನಿಖಿತಾ ಕುಣಿದಳು. ಸುಶೀಲಮ್ಮನಿಗೆ ಮೈಯೆಲ್ಲ ಉರಿಯಿತು.

"ಮಾತು ಕೊಟ್ಟು ಬೇಕಂತ್ಲೇ ಔಟಾದ್ರಲ್ರೀ!" ಎಂದಳು ಅವನು ಹತ್ತಿರ ಬಂದಾಗ.

"ಬೀಸಿದ್ರೆ ನೂರು ಆಗ್ತಿತ್ತೋ ಇಲ್ವೋ ಕಣೆ. ನಾನು ಔಟಾದ್ರೆ ಥಾಮಸ್ ಬಂದೇ ಬರ್ತಾನೆ ಅಂತ ಗೊತ್ತಿತ್ತು."

"ಹಂಗಾದ್ರೆ ನಿಮ್ಮ ಹೆಸರಲ್ಲಿ ಏನೂ ಇಲ್ಲ?"

"ಇದೆ. ಇನ್ನೊಬ್ಬರಿಗೋಸ್ಕರ ಔಟಾದ್ರೆ ಅದನ್ನೂ ಬರ್ಕೋತಾರೆ. ಅದಕ್ಕೇ ಬೇರೆ ಕಾಲಂ ಇದೆ ನೋಡು," ಎಂದು ಸ್ಕೋರ್ ಪುಸ್ತಕ ತೆರೆದು ತೋರಿಸಿದ.

ಆ ಕಾಲಮ್ಮಿನ ಮೇಲೆ ಅವಳು ಬೆರಳಾಡಿಸಿದಳು. ಸಿಟ್ಟು ಇಳಿದು ಹೋಗಿ, ಅದರಡಿಯಲ್ಲಿ ವರ್ಷಗಟ್ಟಲೆ ಕೂತಿದ್ದ ಸಂಕಟ ಮೇಲೆ ಬಂತು.

"ನಂದನ್ನ ಯಾರು ಬರ್ಕೊಂಡ್ರು?" ಎಂದಳು.

ಚಾಮರಾಜ ಪುಸ್ತಕದ ಜೊತೆಗಿದ್ದ ಪೆನ್ಸಿಲ್ ತೆಗೆದುಕೊಂಡು, ಕೇಕಿನ ಡಬ್ಬಿಯ ಮುಚ್ಚಳ ತಿರುವಿ, ಒಂದು ಗೆರೆ ಎಳೆದು ಸುಶೀಲಾ ಎಂದು ಬರೆದ.

"ಎಲ್ಲಿಂದ ಶುರು ಮಾಡ್ಲಿ?"

"ಮೈಸೂರಲ್ಲಿ ಟೀಚರ್ ಕೆಲಸ ಬಿಟ್ಟು ನಿಮ್ ಹಿಂದೆ ಬಂದ್ನಲ್ಲ, ಅಲ್ಲಿಂದ."

ಅವನು ಬರೆದ. ಅವಳು ಚಾಕುವಿನಿಂದ ಕೇಕಿನ ಮೇಲಿನ 100 ಸವರಿ ಅಳಿಸುತ್ತ, "ಸಣ್ಣಕ್ಷರದಲ್ಲಿ ಬರೀರಿ, ಮುಚ್ಚಳ ಸಾಲಲ್ಲ," ಎಂದಳು.